ಎಡಗಡೆ ಕೂತವಳು

"ಈ ಸಲ ನನಗೆ ದಾರ ಕಟ್ಟಲ್ವಾ?" ಯಾವೊರ್ ಕೇಳಿದ.

ವೆಸೆಲಾ ಅವನ ಎಡಗೈಯತ್ತ ನೋಡಿದಳು. ಮಾರ್ಚ್ ಒಂದರಂದು ಪ್ರೀತಿಸಿದವರ ಒಳಿತಿಗೆ ಕಟ್ಟುವ ಕೆಂಪು-ಬಿಳಿ ದಾರವನ್ನು ಈಗ ತಾನೇ ಅದಕ್ಕೆ ಕಟ್ಟಿದ್ದಳು.

"ತಮಾಷೆನಾ?"

"ತಮಾಷೆ ಏನ್ ಬಂತು? ಇಷ್ಟ ಇಲ್ಲದಿದ್ರೆ ಇಲ್ಲ ಅನ್ನು." ಅವನು ಬರಿದಾದ ಬಲಗೈಯನ್ನೇ ನೋಡಿಕೊಂಡ.

ಮೂರು ವಾರದಿಂದ ಹೀಗೆಯೇ. ಪ್ಲೊವ್ದಿವ್ ಊರಿನ ಅವನ ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಅವಳು ಯಾವಾಗಲೂ ಎಡಗಡೆಯ ಸ್ಟೂಲಿನಲ್ಲಿ ಕೂರುವಳು. ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಅವಳು ಮನಶ್ಶಾಸ್ತ್ರ ಓದಿದವಳು. ಅವನು ಜನವರಿಯಲ್ಲಿ ತಾಯಿಯನ್ನು ಕಳೆದುಕೊಂಡ ದುಃಖವನ್ನು ಒಳಗೇ ಅದುಮಿಟ್ಟಿದ್ದಾನೆ ಎಂದು ಡೈರಿಯಲ್ಲಿ ಬರೆದಿದ್ದಳು. ನಿನ್ನೆ ಬರೆದದ್ದು ಬೇರೆ... ಇವನಿಗೆ ನಾನು ಬೇಡವಾಗಿದ್ದೇನೆ.

"ಊಟ ಮಾಡು. ನಾನು ಹೊರಡ್ತೀನಿ. ಇನ್ನು ಬರಲ್ಲ."

ತಟ್ಟೆಯಲ್ಲಿ ಅಕ್ಕಿ-ಮಾಂಸ ತುಂಬಿದ ಎರಡು ದೊಣ್ಣೆಮೆಣಸಿನಕಾಯಿ. ಅವನು ಬಲಗಡೆಯದನ್ನು ಮಾತ್ರ ತಿಂದ.

"ಹೋಗೋಳು ಹೊಟ್ಟೆ ತುಂಬಾದ್ರೂ ಹಾಕ್ಬಾರ್ದಾ? ಒಂದೇ ಒಂದು. ಜಿಪುಣಿ."

ಅವಳು ತಟ್ಟೆ ತಿರುಗಿಸಿ, ಎಡಗಡೆ ಉಳಿದಿದ್ದ ಇನ್ನೊಂದನ್ನು ಅವನ ಬಲಕ್ಕೆ ತಂದಳು.

"ಅರೆ, ಇದನ್ನ ಯಾವಾಗ ಹಾಕ್ದೆ?"

ಅವನ ಎಡಗೆನ್ನೆಯ ಗಡ್ಡ ಬೋಳಿಸದೆ ಉಳಿದದ್ದು ಆಗ ಕಣ್ಣಿಗೆ ಬಿತ್ತು. ಇದು ಮುನಿಸಲ್ಲ... ದೇವರೇ, ಇದು ಬೇರೆ ಏನೋ!

ಅದೇ ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರ್ ಗಿನ್ಕಾ ಸ್ಕ್ಯಾನ್ ತೋರಿಸಿದರು. ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರೇ.

"ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕಣ್ಣು ಚೆನ್ನಾಗೇ ಇದೆ. ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಮಿದುಳು ಅವನಿಗೆ ಹೇಳ್ತಿಲ್ಲ."

"ನಾನು ಮೂರು ವಾರ ಅವನ ದುಃಖ ಕೆದಕ್ತಾ ಕೂತಿದ್ದೆ, ಡಾಕ್ಟರ್."

"ಮಿದುಳಿನ ಪಾಠ ಬೇಜಾರು ಅಂತ ಕ್ಲಾಸ್ ತಪ್ಪಿಸ್ತಿದ್ದೆಯಲ್ಲ. ಒಬ್ರು ಇದ್ದಕ್ಕಿದ್ದಂಗೆ ಬದಲಾದ್ರೆ, ಮನಸ್ಸಿನ ಕಥೆ ಕಟ್ಟೋಕ್ ಮುಂಚೆ ಮಿದುಳು ತೋರಿಸ್ಬೇಕು."

"ವಾಸಿ ಆಗತ್ತಾ?"

"ಪೂರ್ತಿ ಅಂತ ಮಾತು ಕೊಡಲ್ಲ. ಎಡಗಡೆ ಕೂತು ಕರೀತಾ ಇರು. ಬಲಗಡೆ ಬಂದು ಸುಲಭ ಮಾಡ್ಬೇಡ."

ಅವನ ಹಾಸಿಗೆಯ ಎಡಗಡೆ ಕೂತು ಹನ್ನೊಂದು ದಿನ ಕರೆದಳು. ಅವನು ಪ್ರತಿಸಲವೂ ಬಲಕ್ಕೇ ಹುಡುಕಿದ. ಎದ್ದು ಹೋಗಿ ಅವನ ಕಣ್ಣೆದುರು ನಿಲ್ಲಲು ಅವಳ ಜೀವ ಚಡಪಡಿಸಿತು. ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಳು.

ಹನ್ನೆರಡನೆಯ ದಿನ...

"ಯಾವೊರ್."

ಅವನ ಕತ್ತು ಬಲಕ್ಕೆ ಹೊರಳಿತು, ನಿಂತಿತು. ಮತ್ತೆ ನಿಧಾನವಾಗಿ, ಗೋಡೆ, ಕಿಟಕಿ, ಪರದೆಯನ್ನು ದಾಟಿ ಎಡಕ್ಕೆ ಬಂತು. ಮೊದಲು ಅವಳ ಭುಜ ಸಿಕ್ಕಿತು. ಆಮೇಲೆ ಮುಖ.

"ಅಲ್ಲೇ ಇದ್ಯಾ?"

"ಇಲ್ಲೇ ಇದ್ದೆ. ನಿನಗೆ ನಾನು ಬೇಡ ಅಂದ್ಕೊಂಡಿದ್ದೆ ಕಣೋ."

"ನಾನೂ ಅದನ್ನೇ ಅಂದ್ಕೊಂಡಿದ್ದೆ. ಬರ್ತಿಯಾ, ಕಾಣಲ್ಲ. ಮಾತಾಡ್ತಿಯಾ, ಎಲ್ಲೂ ಇರಲ್ಲ. ನೀನು ಮತ್ತೆ ಕಳೆದುಹೋದ್ರೆ?"

"ಕರೀತೀನಿ."

"ದಿನಾನೂ?"

"ನೀನು ಸಾಕು ಅನ್ನೋವರೆಗೂ."

"ಅನ್ನಲ್ಲ," ಎಂದ ಯಾವೊರ್, ನೋಟ ಕದಲಿಸದೆ.