ದಿಡ್ಡಿಬಾಗಿಲಿನ ಕಲ್ಲು

ಮುತ್ತಿಗೆ ತೆರವಾಗಿ ಒಂಬತ್ತನೆಯ ದಿನದ ಸೂರ್ಯೋದಯ. ಸಿಂಗನಬೀಡು ರಾಜಧಾನಿಯ ಏಳು ಕೊತ್ತಳಗಳ ಮೇಲಿಂದ ಹರಿದ ಪತಾಕೆಗಳು ಇಳಿದು ಹೊಸವು ಏರಿದ್ದವು. ಸುಟ್ಟ ಹುಲ್ಲುಬಣವೆಗಳಿಂದ ಇನ್ನೂ ಹೊಗೆಯಾಡುತ್ತಿತ್ತು. ಆನೆಸಾಲೆಯ ಮುಂದೆ ಮಾವುತರು ಪಟ್ಟದಾನೆಯ ಗಾಯಕ್ಕೆ ಬೇವಿನೆಣ್ಣೆ ಹಚ್ಚುತ್ತಿದ್ದರು. ಅಂಗಡಿಬೀದಿಯಲ್ಲಿ ಎರಡು ತಿಂಗಳ ಬಳಿಕ ಮೊದಲ ಬಾರಿಗೆ ವೀಳ್ಯದೆಲೆಯ ಹೊರೆ ಇಳಿದಿತ್ತು. ಇವೆಲ್ಲದರ ಮೇಲೆ, ಶಿಲ್ಪಿಗಳಾದ ಓಜರ ಕೇರಿಯಿಂದ, ಕಲ್ಲಿನ ಮೇಲೆ ಉಳಿ ಬೀಳುವ ಸದ್ದು ಒಂದೇ ಸಮನೆ ಕೇಳಿಬರುತ್ತಿತ್ತು. ಯುದ್ಧ ಮುಗಿದಿದೆಯೆಂದು ಜನ ಅದರಿಂದಲೇ ತಿಳಿಯುತ್ತಿದ್ದರು. ಸತ್ತವರು ಎಷ್ಟೆಂದು ಊಹಿಸುತ್ತಿದ್ದುದೂ ಅದರಿಂದಲೇ.

ಆ ನಾಡಿನಲ್ಲಿ ಒಂದು ಕಟ್ಟಳೆಯಿತ್ತು. ಕೋಟೆಯೊಳಗೆ ಮಡಿದ ಪ್ರತಿಯೊಬ್ಬ ಭಟನ ಶವವನ್ನೂ ಚಿತೆಗೇರಿಸುವ ಮುನ್ನ, ಅವನ ನೆನಪಿನ ಕಲ್ಲನ್ನು ಕಡೆಯಲಿರುವ ಓಜನೊಬ್ಬನೇ ಕುಳಿತು ನೋಡಬೇಕು. ಕಂಡ ಗಾಯವನ್ನು ಕಂಡ ಆಕಾರದಲ್ಲಿ, ಕಂಡ ಸ್ಥಾನದಲ್ಲಿ ಕಡೆಯಬೇಕು. ಒಂದನ್ನು ಕೂಡಿಸುವಂತಿಲ್ಲ, ಒಂದನ್ನು ಬಿಡುವಂತಿಲ್ಲ. ಹತ್ತನೆಯ ದಿನ ಅರಸನೇ ಬಂದು ಕಲ್ಲುಗಳನ್ನು ಪರೀಕ್ಷಿಸುತ್ತಿದ್ದ. ಎದುರಿಸಿ ಸತ್ತವನ ಕಲ್ಲು ಎದ್ದು ನಿಲ್ಲುತ್ತಿತ್ತು. ಓಡುವಾಗ ಸತ್ತವನ ಕಲ್ಲನ್ನು ಅವನು ಬಿಟ್ಟೋಡಿದ ಬಾಗಿಲಿನ ಹೊಸ್ತಿಲಿನಲ್ಲಿ ಮಲಗಿಸುತ್ತಿದ್ದರು; ಅದಕ್ಕೆ ತುಳಿಗಲ್ಲೆಂದು ಹೆಸರು. ಊರಿನ ಜನ, ದನ, ನಾಯಿ ಎಲ್ಲವೂ ಅದನ್ನು ತುಳಿದೇ ಓಡಾಡಬೇಕು. ವೀರನ ಮುಖವನ್ನು ಮಾತ್ರ ತೀರ್ಪಿನ ಬಳಿಕ, ನಿಂತ ಕಲ್ಲಿನ ಮೇಲೆ, ಅದೇ ಕೈ ಕಡೆಯಬೇಕಿತ್ತು. ತುಳಿಗಲ್ಲಿಗೆ ಮುಖವಿರುತ್ತಿರಲಿಲ್ಲ.

ಕೇರಿಯ ಹಿರಿಯನಾದ ಮಸಣೋಜ ಅಂದು ಕಡೆಯುತ್ತಿದ್ದುದು ಇಪ್ಪತ್ತೆರಡು ವರ್ಷದ ಗೊಗ್ಗಿಯ ಕಲ್ಲನ್ನು. ನಾಲ್ಕು ದಶಕಗಳಲ್ಲಿ ಅವನು ಕಡೆದ ವೀರರ ಲೆಕ್ಕ ಅವನಿಗೇ ತಪ್ಪಿತ್ತು. ಯಾವ ಕಲ್ಲನ್ನೂ ಅವನು ಎರಡು ಬಾರಿ ಅಳೆದವನಲ್ಲ. ಇದನ್ನು ಮೂರು ಬಾರಿ ಅಳೆದಿದ್ದ.

ಗೊಗ್ಗಿಯನ್ನು ಅರಿಯದವರು ಸಿಂಗನಬೀಡಿನಲ್ಲಿ ಇರಲಿಲ್ಲ. ವಿಧವೆ ಜಕ್ಕವ್ವೆಯ ಒಬ್ಬನೇ ಮಗ. ಮೂಡಣ ಕೋಟೆಯ ಕಾವಲುಭಟ. ಅವನ ಮೂಗು ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು; ಅದನ್ನು ಹೀಯಾಳಿಸುವ ಅವಕಾಶವನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಟ್ಟವನಲ್ಲ. ತಾಯಿ ಮಗ್ಗದಲ್ಲಿ ಕುಳಿತು ವರ್ಷಕ್ಕೆ ಮೂರು ಉತ್ತರೀಯ ನೇಯುತ್ತಿದ್ದಳು. ಮೂರೂ ಚಳಿಯಲ್ಲಿ ನಡುಗುವ ಬೇರೆಯವರ ಹೆಗಲೇರುತ್ತಿದ್ದವು. ಕೋಟೆಯ ಅರ್ಧ ಪಡೆ ನನ್ನ ನೇಯ್ಗೆಯನ್ನೇ ಹೊದ್ದಿದೆ, ನನ್ನ ಮಗನೊಬ್ಬ ಮಾತ್ರ ಬರಿಮೈಯವನು ಎಂದು ಅವಳು ನೆರೆಯವರಲ್ಲಿ ದೂರುತ್ತಿದ್ದಳು. ದೂರಿನಲ್ಲಿ ಹೆಮ್ಮೆಯೇ ಹೆಚ್ಚಿರುತ್ತಿತ್ತು. ಮುತ್ತಿಗೆಯ ಕೊನೆಯ ವಾರಗಳಲ್ಲಿ ತನ್ನ ಪಾಲಿನ ಜೋಳದ ಅಂಬಲಿಯನ್ನು ಗಾಯಾಳುಗಳಿಗೆ ಸುರಿದು, ಹೊಟ್ಟೆಯುಬ್ಬರವೆಂದು ನೆಪ ಹೇಳಿ, ಮರೆಯಲ್ಲಿ ನೀರು ಕುಡಿಯುತ್ತಿದ್ದವನು ಅವನು. ಯಾರಿಗೆ ಜ್ವರ ಬಂದರೂ, ಯಾರ ಮನೆಯಲ್ಲಿ ಏನಾದರೂ, ಅವರ ಕಾವಲಿನ ಪಾಳಿಗೆ ಗೊಗ್ಗಿ ನಿಲ್ಲುತ್ತಿದ್ದ. ಯಾವ ಪಾಳಿ ಯಾರದೆಂಬುದು ಮೂಡಣ ಕೋಟೆಯಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ.

ಪಾಳಿ ಮುಗಿಸಿ ಮನೆಗೆ ಹೋಗುವಾಗ ಮಸಣೋಜನ ಚಪ್ಪರದಲ್ಲಿ ಕುಳಿತು ಅವನ ಕೆಲಸ ಕೆಡಿಸುವುದು ಗೊಗ್ಗಿಯ ರೂಢಿಯಾಗಿತ್ತು. ಒಮ್ಮೆ ಹೇಳಿದ್ದ:

"ಓಜಯ್ಯ, ನನ್ನ ಮೂಗನ್ನು ಇದ್ದ ಹಾಗೆ ಕಡೆಯಲು ಹೋಗಬೇಡಿ. ಬೆಟ್ಟದ ಕಲ್ಲೆಲ್ಲ ಅದಕ್ಕೇ ಮುಗಿದರೆ ಬೇರೆ ವೀರರು ಏನು ಮಾಡಬೇಕು?"

"ಕಂಡದ್ದನ್ನು ಕಂಡ ಹಾಗೆ ಕಡೆಯುವವನು ನಾನು."

"ಹಾಗಾದರೆ ನಾನು ಸಾಯುವುದೇ ಇಲ್ಲ, ಬಿಡಿ. ಇನ್ನೊಂದು ಮಾತು. ಮೇಲಿನ ಅಂಕಣದಲ್ಲಿ ಅಪ್ಸರೆಯರು ಇಬ್ಬರು ಬೇಡ. ಒಬ್ಬಳು ಸಾಕು, ಅವರೆಕಾಳಿನ ಹುಳಿ ಮಾಡಬಲ್ಲವಳನ್ನು ನೋಡಿ ಕಡೆಯಿರಿ."

ಆ ಗೊಗ್ಗಿಯ ಮೇಲೆ ಈಗ ದ್ರೋಹದ ಆರೋಪವಿತ್ತು.

ಮುತ್ತಿಗೆಯ ಕೊನೆಯ ದಿನ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಮೂಡಣ ಕೋಟೆಯಲ್ಲಿ ನೀರಿಗೆ ಹೋಗುವವರಿಗಾಗಿ ಇದ್ದ ದಿಡ್ಡಿಬಾಗಿಲು ತೆರೆಯಿತು. ಹೊರಗೆ ಹೊಂಚಿದ್ದ ಶತ್ರುಗಳು ಬಾಗಿಲತ್ತ ನುಗ್ಗಿದರು. ಅಷ್ಟರಲ್ಲಿ ಬಾಗಿಲು ಮುಚ್ಚಿ ಅಗುಳಿ ಬಿದ್ದು ಅವರು ಹೊರಗೇ ಉಳಿದರು. ಒಳಗೆ ಗೊಗ್ಗಿ ಸತ್ತುಬಿದ್ದಿದ್ದ. ಬಾಗಿಲು ತೆರೆದವನು ಗೊಗ್ಗಿ, ಓಡುವಾಗ ಶತ್ರುವಿನ ಈಟಿ ಅವನ ಬೆನ್ನಿಗೆ ನಾಟಿತು, ಬಾಗಿಲು ಮುಚ್ಚಿ ರಾಜ್ಯ ಉಳಿಸಿದವನು ನಾನು ಎಂದು ದಂಡನಾಯಕ ಕೇತಮಲ್ಲ ಆಸ್ಥಾನದಲ್ಲಿ ಆಣೆಯಿಟ್ಟು ಹೇಳಿದ್ದ. ಆಸ್ಥಾನ ನಂಬಿತ್ತು. ಗೊಗ್ಗಿಯ ಉತ್ತರೀಯ ಹೊದ್ದಿದ್ದ ಕೆಲವು ಭಟರು ಅದನ್ನು ಮಡಿಸಿ ಒಳಗಿಟ್ಟರು.

ಶವವನ್ನು ಒಬ್ಬನೇ ಕುಳಿತು ನೋಡಿದ ಮಸಣೋಜ ಕಂಡದ್ದು ಬೇರೆ. ಎದೆಯಲ್ಲಿ ನಾಲ್ಕು ಬಾಣಗಳ ಗಾಯ. ಅಗುಳಿಯ ಮರದ ಸಿಬಿರುಗಳು ಎರಡೂ ಅಂಗೈಗಳಲ್ಲಿ. ಬೆನ್ನಿನಲ್ಲಿ ಒಂದು ಗಾಯ, ಮೂರು ಮೂಲೆಯದು. ಈಟಿ ಅಂಥ ಗಾಯ ಮಾಡುವುದಿಲ್ಲ. ಮೂರು ಅಲಗಿನ ಕಠಾರಿ ಮಾಡುತ್ತದೆ. ಅಂಥ ಕಠಾರಿಗಳು ಆ ರಾಜ್ಯದಲ್ಲಿ ಇದ್ದುದು ಎರಡೇ. ಒಂದು ಅರಸನಾದ ಬೀರರಸನ ನಡುವಿನಲ್ಲಿ. ಇನ್ನೊಂದನ್ನು ಅರಸನೇ, ದಂಡನಾಯಕನ ಪಟ್ಟ ಕಟ್ಟಿದ ದಿನ, ಕೇತಮಲ್ಲನಿಗೆ ಕೊಟ್ಟಿದ್ದ.

ಒಂಬತ್ತನೆಯ ದಿನ ಬೆಳಿಗ್ಗೆ ಕೇತಮಲ್ಲ ಓಜರ ಕೇರಿಗೆ ತಾನೇ ಬಂದ. ಪರಿವಾರವನ್ನು ಕೇರಿಯ ತಿರುವಿನಲ್ಲೇ ನಿಲ್ಲಿಸಿ, ಕೆಳಗೆ ಕುಳಿತು, ಕಲ್ಲಿನ ಧೂಳು ರೇಷ್ಮೆಗೆ ಹತ್ತಿದರೂ ಲೆಕ್ಕಿಸದೆ, ಮಸಣೋಜನ ಕೆಲಸವನ್ನು ಬಹುವಾಗಿ ಹೊಗಳಿದ. ಹೊಸ ದೇಗುಲದ ಬಾಗಿಲವಾಡವನ್ನು ಓಜರ ಕೈಗೇ ಒಪ್ಪಿಸಬೇಕೆಂದು ಅರಸರಿಗೆ ಅರಿಕೆ ಮಾಡಿರುವುದಾಗಿ ತಿಳಿಸಿದ. ಆಮೇಲೆ ಕಲ್ಲಿನತ್ತ ತಿರುಗಿದ.

"ಈಟಿಯ ಗಾಯ ಸೀಳಿದಂತೆ ಉದ್ದಕ್ಕಿರುತ್ತದೆ, ಅಲ್ಲವೇ ಓಜರೇ?"

"ಇರುತ್ತದೆ, ದಂಡನಾಯಕರೇ. ನಾನು ಕಂಡದ್ದು ಮೂರು ಮೂಲೆಯದು."

"ವಯಸ್ಸಾದ ಕಣ್ಣು."

"ಕಣ್ಣು ಮಂಜಾಗಿದೆ, ನಿಜ. ಅದಕ್ಕೇ ಬೆರಳಿಟ್ಟು ನೋಡಿದೆ."

ಕೇತಮಲ್ಲ ನಕ್ಕ. ಆ ಆಕಾರವನ್ನು ಕಡೆದರೆ ಊರು ಅದನ್ನು ಅರಸರ ಕಠಾರಿಯೆಂದೇ ಓದಬಹುದು, ಅರಸನನ್ನು ಕೊಲೆಗಾರನೆಂದ ಶಿಲ್ಪಿಗೆ ಯಾವ ಶಿಕ್ಷೆಯೆಂದು ಓಜರಿಗೆ ತಾನು ಹೇಳಬೇಕಾಗಿಲ್ಲ ಎಂದು ಸಾವಕಾಶವಾಗಿ ವಿವರಿಸಿ, ಧೂಳು ಕೊಡವಿಕೊಂಡು ಎದ್ದುಹೋದ.

ಅವನಿಗಿಂತ ಕಠಿಣವಾದ ಭೇಟಿ ಮಧ್ಯಾಹ್ನ ಕಾದಿತ್ತು. ಜಕ್ಕವ್ವೆ ಒಂದು ಗಡಿಗೆ ಮಜ್ಜಿಗೆ ಹಿಡಿದು ಬಂದು ಚಪ್ಪರದ ಕಂಬಕ್ಕೆ ಒರಗಿ ಕುಳಿತಳು. ಮುಖವಿಲ್ಲದ ಕಲ್ಲನ್ನು ನೋಡಿದಳು. ಬೆನ್ನಿನ ಭಾಗದಲ್ಲಿ ಓಜ ಗೆರೆ ಹಾಕಿದ್ದ ಜಾಗವನ್ನೂ ನೋಡಿದಳು.

"ಅಣ್ಣಾ, ಅದೊಂದನ್ನು ಬಿಟ್ಟುಬಿಡು. ಎದೆಯಲ್ಲಿ ನಾಲ್ಕಿವೆಯಲ್ಲ, ಸಾಲದೇ? ಬೆನ್ನಿನಲ್ಲಿ ಗಾಯ ಕಂಡರೆ ಮುಗಿಯಿತು, ಮೂಲೆ ಎಣಿಸುವವರು ಯಾರು? ನಾನು ದಿನವೂ ಆ ದಿಡ್ಡಿಯಿಂದಲೇ ನೀರಿಗೆ ಹೋಗುವವಳು. ಮಗನನ್ನು ತುಳಿದುಕೊಂಡು ಹೋಗಲೇ?"

ಮಸಣೋಜ ಉಳಿಯನ್ನು ಕೆಳಗಿಟ್ಟ. ಒಂದು ಗಾಯ ಬಿಟ್ಟರೆ ಈ ತಾಯಿ ಬದುಕುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಕೇತಮಲ್ಲನೂ ಬದುಕುತ್ತಾನೆಂಬುದು ಗೊತ್ತಿತ್ತು.

"ಒಂದನ್ನು ಬಿಟ್ಟೆನೆಂದರೆ ಉಳಿದ ನಾಲ್ಕನ್ನು ಯಾರು ನಂಬುತ್ತಾರೆ, ತಾಯಿ? ನಾನು ಕಡೆದವರೆಲ್ಲ ಊರ ತುಂಬ ನಿಂತಿದ್ದಾರೆ. ಒಂದೇ ಏಟಿಗೆ ಎಲ್ಲರೂ ಸುಳ್ಳಾಗುತ್ತಾರೆ."

"ನಿನಗೆ ಮಕ್ಕಳಿಲ್ಲ," ಎಂದಳು ಜಕ್ಕವ್ವೆ. "ಕಲ್ಲುಗಳಿವೆ."

ಅವಳು ಗಡಿಗೆಯನ್ನು ಎತ್ತಿಕೊಂಡು ಹೊರಟುಹೋದಳು. ಮಸಣೋಜ ಆ ದಿನ ನೀರನ್ನೂ ಮುಟ್ಟದೆ ಬೆನ್ನಿನ ಗಾಯವನ್ನು ಕಡೆದು ಮುಗಿಸಿದ. ಮೂರು ಮೂಲೆಗಳು, ಮೂರೂ ತೀಕ್ಷ್ಣ.

ಹತ್ತನೆಯ ದಿನ ಬೆಳಗಿನ ಬಿಸಿಲೇರುವ ವೇಳೆಗೆ ದಿಡ್ಡಿಬಾಗಿಲಿನ ಮುಂದೆ ಪುರಜನ ನೆರೆದಿದ್ದರು. ಹೊಸ್ತಿಲಿನಲ್ಲಿ ಮೊದಲೇ ಗುಂಡಿ ತೋಡಿ ಸಿದ್ಧವಾಗಿತ್ತು, ತೋಡಿಸಿದವನು ಕೇತಮಲ್ಲ. ಬೀರರಸ ಬಂದು, ಕಲ್ಲನ್ನು ಎಡದಿಂದ ಬಲಕ್ಕೆ ಸುತ್ತಿ, ಬೆನ್ನಿನ ಗಾಯದ ಮುಂದೆ ನಿಂತುಬಿಟ್ಟ. ತನ್ನ ಕಠಾರಿಯನ್ನು ಹಿರಿದು ಅದರ ಮೊನೆಯನ್ನು ಕಲ್ಲಿನ ಗಾಯದೊಳಗಿಟ್ಟ. ಅದು ಒರೆಯಲ್ಲಿ ಕುಳಿತಂತೆ ಕುಳಿತಿತು.

"ಈ ಗಾಯ ನನ್ನ ಕಠಾರಿಯದಲ್ಲವೆಂದು ನಾನು ಬಲ್ಲೆ," ಎಂದ ಅರಸ. "ದಂಡನಾಯಕರೇ, ನಿಮ್ಮದನ್ನು ತೋರಿಸಿ."

ಯುದ್ಧದ ಗದ್ದಲದಲ್ಲಿ ಅದು ಕಳೆದುಹೋಯಿತೆಂದು ಕೇತಮಲ್ಲ ಅರಿಕೆ ಮಾಡಿದ. ಕಳೆದುಹೋದ ಕಠಾರಿ ಯಾರ ಕೈಗಾದರೂ ಸಿಕ್ಕಿರಬಹುದು. ಅದಿರಲಿ, ದಂಡನಾಯಕನ ಆಣೆಯ ಎದುರು ಕಲ್ಲುಕುಟಿಗನ ಮಾತಿಗೆ ಈ ರಾಜ್ಯದಲ್ಲಿ ಎಷ್ಟು ಬೆಲೆಯೆಂದು ಧರ್ಮಾಧಿಕಾರಿಗಳೇ ಹೇಳಲಿ ಎಂದ.

ಧರ್ಮಾಧಿಕಾರಿ ಓಲೆ ಬಿಚ್ಚಿ ಕಟ್ಟಳೆಯನ್ನು ಓದಿದ. ಮೇಲಿನವನ ಆಣೆಗೆ ಎದುರಾಗಿ ನಿಂತ ಓಜನ ಮಾತು ಎರಡನೆಯ ಸಾಕ್ಷಿಯಿಲ್ಲದೆ ನಿಲ್ಲದು. ಸಾಕ್ಷಿಯಿಲ್ಲದಿದ್ದರೆ ಓಜ ತನ್ನ ಬಲಗೈಯ ಹೆಬ್ಬೆರಳನ್ನು ಕಡಿದು ಮಾತಿನ ಜೊತೆಗೆ ಇಡಬೇಕು. ಇಟ್ಟರೆ ಎರಡೂ ಆಣೆಗಳು ಸರಿಸಮ. ಆಗ ತೀರ್ಪು ಅರಸನದು.

ಬೀರರಸ ಜನರತ್ತ ತಿರುಗಿ, ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ ಎಂದು ಮೂರು ಬಾರಿ ಕೇಳಿದ. ಯಾರೂ ಬರಲಿಲ್ಲ. ಅರಸನ ದನಿ ತಗ್ಗಿತು.

"ಮಸಣೋಜ, ಹಿಂದೆ ಸರಿ. ಸರಿಸಮವಾದರೂ ನಾನು ನಿನ್ನ ಪರವಾಗಿಯೇ ತೀರ್ಪು ಕೊಡುವೆನೆಂದು ಭರವಸೆ ಕೊಡಲಾರೆ. ಹುಡುಗ ಸತ್ತಿದ್ದಾನೆ. ನಿನ್ನ ಕೈ ಬದುಕಿದೆ."

"ಪ್ರಭು, ಈ ಕೈ ಇವತ್ತು ಸುಮ್ಮನಿದ್ದರೆ ನಾಳೆಯಿಂದ ಅದು ಕಡೆದದ್ದನ್ನು ಯಾರು ನೋಡುತ್ತಾರೆ?"

ಅವನು ಗೊಗ್ಗಿಯ ಕಲ್ಲಿನ ಪೀಠದ ಮೇಲೆ ಅಂಗೈಯನ್ನು ಹರಡಿ, ಎಡಗೈಯಲ್ಲಿ ಅಗಲ ಬಾಯಿಯ ಉಳಿ ಹಿಡಿದು, ಹೆಬ್ಬೆರಳಿನ ಬುಡಕ್ಕೆ ಇಟ್ಟ. ಚಮ್ಮಟಿಗೆ ಹೊಡೆಯಲು ಯಾರೂ ಒಪ್ಪಲಿಲ್ಲ. ಕೊನೆಗೆ ಕೇತಮಲ್ಲನ ಸೇವಕನೊಬ್ಬ ಮುಂದೆ ಬಂದ. ಒಂದೇ ಏಟು. ಮಸಣೋಜ ಮಂಡಿಯೂರಿದ, ಕೂಗಲಿಲ್ಲ.

ಕೂಗು ಬಂದದ್ದು ಭಟರ ಸಾಲಿನಿಂದ. ಬಮ್ಮನೆಂಬ ಕಾವಲುಭಟ, ಜಕ್ಕವ್ವೆಯ ನೇಯ್ಗೆಯ ಉತ್ತರೀಯ ಹೊದ್ದವನು, ಸಾಲು ಮುರಿದು ಓಡಿಬಂದು ಕಲ್ಲಿನ ಮುಂದೆ ಬಿದ್ದ.

"ಪ್ರಭು, ಆ ಪಾಳಿ ನನ್ನದು. ಮೂರನೆಯ ಕೊಂಬಿನ ಕರೆಗೆ ಅಗುಳಿ ತೆಗೆಯಬೇಕೆಂದು ದಂಡನಾಯಕರು ನನಗೆ ಅಪ್ಪಣೆ ಕೊಟ್ಟಿದ್ದರು. ಊರೊಂದರ ಗೌಡಿಕೆ ಕೊಡುತ್ತೇನೆಂದಿದ್ದರು. ಒಪ್ಪಿದೆ. ಅಗುಳಿಯನ್ನೂ ಅರ್ಧ ಸರಿಸಿದೆ; ಹೊರಗಿನವರು ಒತ್ತಿದರೆ ಸಾಕು, ಬಾಗಿಲು ತೆರೆಯುವಂತಿತ್ತು. ಆಮೇಲೆ ಹೆದರಿದೆ. ಹೆಂಡತಿಗೆ ಹೆರಿಗೆ ನೋವೆಂದು ಗೊಗ್ಗಿಗೆ ಸುಳ್ಳು ಹೇಳಿ ಓಡಿಹೋದೆ. ಅವನು ನಗುತ್ತಾ ನಿಂತ. ಮಗುವಿಗೆ ನನ್ನ ಹೆಸರಿಡು, ಮೂಗನ್ನು ಮಾತ್ರ ಅದರ ಅಪ್ಪನದನ್ನೇ ಇಡು ಎಂದ." ಬಮ್ಮ ಹೆಗಲಿನ ಉತ್ತರೀಯವನ್ನು ತೆಗೆದು ಕಲ್ಲಿನ ಬುಡದಲ್ಲಿಟ್ಟ. "ನನಗೆ ಮದುವೆಯೇ ಆಗಿಲ್ಲ, ಪ್ರಭು. ಅವನಿಗೂ ಗೊತ್ತಿತ್ತು. ಆದರೂ ನಿಂತ."

ಆ ಮೂರನೆಯ ಕೊಂಬನ್ನು ಕೋಟೆಯೆಲ್ಲ ಕೇಳಿತ್ತು. ಅದನ್ನು ಊದಲು ಯಾರು ಹೇಳಿದರೆಂದು ಬೀರರಸ ಅಂದೇ ವಿಚಾರಿಸಿ ಉತ್ತರ ಕಾಣದೆ ಬಿಟ್ಟಿದ್ದ. ಅಪ್ಪಣೆಯಿಲ್ಲದೆ ಕೊಂಬು ಊದಿಸುವ ಅಧಿಕಾರವಿದ್ದುದು ಅರಸನನ್ನು ಬಿಟ್ಟರೆ ಒಬ್ಬನಿಗೆ ಮಾತ್ರ. ಅರಸ ಆ ಒಬ್ಬನತ್ತ ನೋಡಿದ. ಕೇತಮಲ್ಲನ ಕೈ ಅಭ್ಯಾಸಬಲದಿಂದ ನಡುವಿನ ಎಡಪಕ್ಕಕ್ಕೆ ಹೋಯಿತು, ಕಠಾರಿಯಿಲ್ಲದ ಕಡೆಗೆ. ಅಂಗರಕ್ಷಕರು ಆ ಕೈಯನ್ನು ಅಲ್ಲೇ ಹಿಡಿದರು.

ಬಮ್ಮ ಓಜನ ಕಾಲು ಹಿಡಿದು, ಒಂದು ಗಳಿಗೆ ಮುಂಚೆ ಬಾಯಿ ಬಿಟ್ಟಿದ್ದರೆ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದ. ಮಸಣೋಜ ಅವನನ್ನು ಕ್ಷಮಿಸಲಿಲ್ಲ, ಶಪಿಸಲೂ ಇಲ್ಲ. ಕಲ್ಲನ್ನು ಎತ್ತುವುದಕ್ಕೆ ಹೆಗಲು ಕೊಡು ಎಂದಷ್ಟೇ ಹೇಳಿದ.

ಹೊಸ್ತಿಲಿನ ಗುಂಡಿಯನ್ನು ಮುಚ್ಚಿ, ಬಾಗಿಲಿನ ಬಲಗಡೆ ಗೊಗ್ಗಿಯ ಕಲ್ಲನ್ನು ನಿಲ್ಲಿಸಿದರು. ಎದೆಯಲ್ಲಿ ನಾಲ್ಕು ಬಾಣ. ಬೆನ್ನಿನಲ್ಲಿ ತನ್ನವರ ಕಠಾರಿ. ಎರಡೂ ಕೈ ಅಗುಳಿಯ ಮೇಲೆ. ಮೇಲಿನ ಅಂಕಣದಲ್ಲಿ ಒಬ್ಬಳೇ ಅಪ್ಸರೆ, ಕೈಯಲ್ಲಿ ಹಾರದ ಬದಲು ಒಂದು ಸಣ್ಣ ಗಡಿಗೆ. ಭುಜಗಳ ಮೇಲೆ ಮುಖವಿರಬೇಕಾದಲ್ಲಿ ಬರಿಯ ಒರಟು ಕಲ್ಲು. ಮುಖವನ್ನು ಅದೇ ಕೈ ಕಡೆಯಬೇಕಿತ್ತು. ಆ ಕೈ ಇನ್ನು ಉಳಿ ಹಿಡಿಯಲಾರದಾಗಿತ್ತು. ಕಟ್ಟಳೆಯನ್ನು ಸಡಿಲಿಸಿ ಬೇರೊಬ್ಬ ಓಜನನ್ನು ಕಳಿಸುವುದಾಗಿ ಅರಸ ಹೇಳಿದ. ಮಸಣೋಜ ಜಕ್ಕವ್ವೆಯತ್ತ ನೋಡಿದ.

ಅವಳು ಕಲ್ಲಿನ ಬಳಿ ನಿಂತು, ಮಗನ ಮುಖವಿರಬೇಕಾದ ಆ ಒರಟನ್ನು ಅಂಗೈಯಿಂದ ಸವರುತ್ತಿದ್ದಳು. ಮುತ್ತಿಗೆಯ ಬಳಿಕ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ, ಆಗಲೂ ಅಳಲಿಲ್ಲ.

"ಬೇಡ, ಪ್ರಭು. ಆ ಮೂಗನ್ನು ಕಡೆಯಬೇಡಿ ಎಂದು ಅವನೇ ಬೇಡಿಕೊಂಡಿದ್ದನಂತೆ," ಎಂದಳು. "ಒಂದಾದರೂ ಅವನ ಇಷ್ಟದಂತೆ ನಡೆಯಲಿ."

ಮರುದಿನದಿಂದ ಅವಳು ಎಂದಿನಂತೆ ಆ ದಿಡ್ಡಿಯಿಂದಲೇ ನೀರಿಗೆ ಹೋದಳು. ಹಿಂದಿರುಗುವಾಗ ಓಜರ ಕೇರಿಯ ಮೇಲೆ ಬಂದು, ಸದ್ದಡಗಿದ ಆ ಚಪ್ಪರದ ಕೆಳಗೆ ಕುಳಿತು, ಬಟ್ಟೆ ಸುತ್ತಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡ ಮುದುಕನ ಬಾಯಿಗೆ ಮಜ್ಜಿಗೆಯ ಗಡಿಗೆಯನ್ನು ತಾನೇ ಹಿಡಿಯುತ್ತಿದ್ದಳು. ಅವನು ಕುಡಿಯುತ್ತಿದ್ದ.