ರಾಲಿತ್ಸಾಳ ನೆಟ್‌ವರ್ಕ್ ನೋಟ್‌ಬುಕ್

ರಾಲಿತ್ಸಾಳ ಚೀಲದಲ್ಲಿ ನೋಟ್‌ಬುಕ್ ಇರಲಿಲ್ಲ.

"ಗುರುತಿನ ಚೀಟಿನೂ ಅದರೊಳಗೇ ಇತ್ತು ಮೇಡಂ!" ಅವಳ ಮುಖ ಬಿಳಿಚಿಕೊಂಡಿತ್ತು.

ಆಗ ಗಂಟೆ ಹತ್ತು. ಎರಡಕ್ಕೆ ನೆಟ್‌ವರ್ಕ್ ಪರೀಕ್ಷೆ. ಗುರುತಿನ ಚೀಟಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಇವತ್ತು ಪಾಸಾದರೆ ಅವಳಿಗೆ ಪರದೇಶದ ಬ್ರನೋದಲ್ಲಿ ಕೆಲಸ. ಗಂಡ ಇವೈಲೋ ಇರುವುದೂ ಅಲ್ಲೇ. ಎರಡು ವರ್ಷದಿಂದ ಅವನನ್ನು ಫೋನಿನಲ್ಲಷ್ಟೇ ನೋಡಿದ್ದಾಳೆ, ಪಾಪ. ಇವತ್ತು ತಪ್ಪಿದರೆ ಆ ಕೆಲಸ ಬೇರೆಯವರ ಪಾಲು.

ನಾನು ಈ ವ್ರಾತ್ಸಾ ಊರಿನ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ತಂತಿ ಜೋಡಿಸಿ, ಈಗ ಪಾಠ ಹೇಳುವವಳು. ಏನೇ ಕೆಟ್ಟರೂ ಮೊದಲು ಕಣ್ಣೆದುರಿನದನ್ನು ನೋಡು ಅನ್ನುವುದು ನನ್ನ ಪಾಠ. ತರಗತಿಯ ಬಾಗಿಲು ಹಾಕಿದೆ. ಒಳಗಿದ್ದವರು ನನ್ನ ಮೂವರು ವಿದ್ಯಾರ್ಥಿಗಳು: ರಾಲಿತ್ಸಾ, ಗಾಲ್ಯಾ, ಪ್ಲಾಮೆನ್.

"ನನ್ನನ್ನೇ ಯಾಕೆ ನೋಡ್ತೀರಾ?" ಗಾಲ್ಯಾ ಸಿಡುಕಿದಳು. "ನಿನ್ನೆ ನೋಟ್‌ಬುಕ್ ಇಸ್ಕೊಂಡಿದ್ದೆ, ನಿಜ. ವಾಪಸ್ ಕೊಟ್ಟೆ."

"ಕೊಟ್ಳು ಮೇಡಂ. ಬೆಳಿಗ್ಗೆ ನಾನು ಕಾಫಿಗೆ ಹೋಗೋವಾಗಲೂ ಚೀಲದಲ್ಲೇ ಇತ್ತು," ಎಂದಳು ರಾಲಿತ್ಸಾ.

ಆ ಹೊತ್ತಿನಲ್ಲಿ ಗಾಲ್ಯಾ ಸಿಗರೇಟಿಗೆ ಹೋಗಿದ್ದಳು, ಪ್ಲಾಮೆನ್ ಕೇಬಲ್ ತರಲು. ಗಾಲ್ಯಾಳ ಚೀಲ ಸುರಿದೆವು. ಲಿಪ್‌ಸ್ಟಿಕ್, ಅರ್ಧ ತಿಂದ ಬಾನಿತ್ಸಾ, ಅಷ್ಟೇ. ಪ್ಲಾಮೆನ್ ಪಾಪ, ಮೇಜಿನ ಕೆಳಗೆಲ್ಲ ತಡಕಾಡುತ್ತಿದ್ದ. ಅವನ ಕೈ ನೋಡಿದೆ.

"ಏನೋ ಪ್ಲಾಮೆನ್, ಕೊಕ್ಕರೆ ಬಂದ್ವಾ ಈ ಸಲ?"

"ಎಲ್ಲಿ ಮೇಡಂ, ಇನ್ನೂ ಒಂದೂ ಕಂಡಿಲ್ಲ. ಈಗ ಕೊಕ್ಕರೆ ಚಿಂತೆನಾ ನಿಮಗೆ?"

"ಕೋಟು ಹಾಕ್ಕೊಳಿ ಎಲ್ಲರೂ," ಎಂದೆ.

*

ನಮ್ಮ ಕಟ್ಟಡದ ಬಾಯ್ಲರ್ ಮನೆಯ ಹಿಂದೆ ಒಂದು ಬಾದಾಮಿ ಮರ. ಅದರ ಬುಡದಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ನೋಟ್‌ಬುಕ್. ಗುರುತಿನ ಚೀಟಿಯೂ ಇತ್ತು.

"ಮಾರ್ಚ್ ಒಂದಕ್ಕೆ ಕೈಗೆ ಕಟ್ಟಿದ ಕೆಂಪು-ಬಿಳಿ ದಾರವನ್ನ ಕೊಕ್ಕರೆನೋ ಹೂಬಿಟ್ಟ ಮರಾನೋ ಕಾಣೋವರೆಗೂ ನಮ್ಮಲ್ಲಿ ಯಾರೂ ಬಿಚ್ಚಲ್ಲ," ಎಂದೆ. "ಬೆಳಿಗ್ಗೆ ನೀನು ಬಂದಾಗ ದಾರ ಇತ್ತು ಪ್ಲಾಮೆನ್. ಈಗಿಲ್ಲ. ಕೊಕ್ಕರೆ ಕಂಡಿಲ್ಲ ಅಂತ ನೀನೇ ಹೇಳಿದೆ. ಊರಲ್ಲೆಲ್ಲ ಹೂಬಿಟ್ಟಿರೋದು ಇದೊಂದೇ ಮರ. ಬಾಯ್ಲರ್ ಗೋಡೆ ಬಿಸಿಗೆ ಪ್ರತಿವರ್ಷ ಇದೇ ಮೊದಲು."

ದಾರ ಕೊಂಬೆಯಲ್ಲಿತ್ತು.

"ಹೂವು ಕಂಡಿತು, ಕೈ ತಾನಾಗೇ ಕಟ್ಟಿಬಿಡ್ತು," ಎಂದ ಪ್ಲಾಮೆನ್.

ಬಿಚ್ಚಿದ ದಾರವನ್ನು ಹೂಬಿಟ್ಟ ಮರಕ್ಕೆ ಕಟ್ಟಿ, ಕಟ್ಟುವಾಗ ಏನಾದರೂ ಬೇಡಿಕೊಳ್ಳುವುದು ವಾಡಿಕೆ. ಏನು ಬೇಡಿಕೊಂಡೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ರಾಲಿತ್ಸಾ ನೋಟ್‌ಬುಕ್ ತೆರೆದಳು. ಅರ್ಧ ಪುಟಗಳಲ್ಲಿ ಇದ್ದದ್ದು ಅವನ ಅಕ್ಷರ. ಯಾವ ಕಂಪ್ಯೂಟರ್ ವಿಳಾಸ ಯಾವ ಜಾಲಕ್ಕೆ ಸೇರುತ್ತದೆ ಎಂದು ಎಂಟು ತಿಂಗಳು ಕೂತು ಹೇಳಿಕೊಟ್ಟವನು ಅವನೇ.

"ನೀನು ಹೋಗೋ ದಾರೀನ ನಾನೇ ಕಲಿಸ್ದೆ ರಾಲಿ. ಇವತ್ತು ನೀನು ಹೋಗೇಬಿಡ್ತೀಯ ಅನ್ಸಿ ತಡ್ಕೊಳ್ಳೋಕಾಗ್ಲಿಲ್ಲ."

ಅವಳು ಗುರುತಿನ ಚೀಟಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಪರೀಕ್ಷೆ ನಿನಗೂ ಇದೆ. ನಡಿ," ಎಂದಳು.

*

ಇಬ್ಬರೂ ಪಾಸಾದರು. ಭಾನುವಾರದ ಬಸ್ಸಿಗೆ ರಾಲಿತ್ಸಾ ಹೊರಟಳು. ಅವಳ ಪೆಟ್ಟಿಗೆ ಎತ್ತಿಟ್ಟವನು ಪ್ಲಾಮೆನ್. ಬಸ್ಸು ತಿರುವು ದಾಟಿದ ಮೇಲೂ ಅಲ್ಲೇ ನಿಂತಿದ್ದ.

ನಮ್ಮ ತಲೆಯ ಮೇಲೆ ಆ ವರ್ಷದ ಮೊದಲ ಕೊಕ್ಕರೆ ಹಾರಿಹೋಯಿತು. ನಾನು ನನ್ನ ದಾರ ಬಿಚ್ಚಿದೆ. ಅವನಿಗೆ ಬಿಚ್ಚಲು ಏನೂ ಉಳಿದಿರಲಿಲ್ಲ.