ಬಂದ ಆಕ್ಷೇಪಣೆಗಳು: ಸೊನ್ನೆ!

ನನ್ನ ಕಾಲ ಕೆಳಗೆ ಬೆಂಕಿ ಇತ್ತು.

ಮಾತಿಗೆ ಹೇಳುತ್ತಿಲ್ಲ ಸ್ವಾಮಿ... ನಿಜವಾದ ಬೆಂಕಿ! ಲಕ್ಕೂರಿನಾಚೆ ಒಂದು ಇಟ್ಟಿಗೆ ಗೂಡಿನ ನೆತ್ತಿಯ ಮೇಲೆ ನಿಂತಿದ್ದೆ. ಕೆಳಗೆ ಸಾವಿರಾರು ಇಟ್ಟಿಗೆ ಬೇಯುತ್ತಿದ್ದವು. ಬೂಟಿನ ರಬ್ಬರ್ ಕರಗುವ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಎದುರಿಗೆ ಮೂವರು. ಗೂಡಿನ ಮಾಲೀಕ ಕದಿರಪ್ಪ, ಕೈಯಲ್ಲಿ ಬೆಂಕಿ ಕೆದಕುವ ಕಬ್ಬಿಣದ ಸಲಾಕೆ. ಅವನ ಆಳು, ಗೋಡೆಯಂಥ ಮೈಕಟ್ಟು. ಮೂರನೆಯವನು ಅರುಣ್‌ಕುಮಾರ್. ಇಸ್ತ್ರಿ ಶರ್ಟು, ಕೊರಳಲ್ಲಿ ಐಡಿ ಕಾರ್ಡು. ‘ನೀಲಸಿರಿ ಕನ್ಸಲ್ಟೆಂಟ್ಸ್’ ಎಂಬ ಕಂಪನಿಯ ಸಾರ್ವಜನಿಕ ಸಂಪರ್ಕಾಧಿಕಾರಿ.

ಅವರ ನಡುವೆ ಎರಡು ಗೋಣಿಚೀಲ. ಒಂದರ ಬಾಯಿ ಬಿಚ್ಚಿತ್ತು. ಆಳು ಹಿಡಿ ಹಿಡಿಯಾಗಿ ಕಾಗದ ತೆಗೆದು ಉರಿ ಹಾಕುವ ಕಂಡಿಯೊಳಗೆ ಬಿಡುತ್ತಿದ್ದ. ಬಿಟ್ಟಾಗಲೆಲ್ಲ ಒಂದು ಜ್ವಾಲೆ ಮೇಲಕ್ಕೆ ನಾಲಿಗೆ ಚಾಚುತ್ತಿತ್ತು.

“ಅವು ಜನ ಬರೆದ ಪತ್ರಗಳು ಕಣ್ರೀ!” ಎಂದೆ.

“ಹೌದು ಸಾದಿಕ್ ಅವರೇ.” ಅರುಣ್‌ಕುಮಾರ್ ನಕ್ಕ. “ಪಬ್ಲಿಕ್ ಇನ್‌ಪುಟ್. ಈಗ ಪ್ರೋಸೆಸ್ ಆಗ್ತಾ ಇದೆ.”

ಬೆಳಿಗ್ಗೆ ಒಂಬತ್ತು ಗಂಟೆ. ಹನ್ನೊಂದೂವರೆಗೆ ಆ ಪತ್ರಗಳು ಮುಳಬಾಗಿಲಿನ ಅಹವಾಲು ಸಭೆಯಲ್ಲಿ ಇರಬೇಕಿತ್ತು.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಕೋಲಾರದಲ್ಲಿ ನನ್ನದೊಂದು ಪತ್ತೇದಾರಿ ಆಫೀಸು. ದೊಡ್ಡದೇನಲ್ಲ. ಮದುವೆಗೆ ಮೊದಲು ಗಂಡಿನ ಗುಟ್ಟು, ಕಳುವಾದ ಟ್ರ್ಯಾಕ್ಟರು, ಕೈಕೊಟ್ಟು ಓಡಿಹೋದ ಪಾರ್ಟ್‌ನರು... ಇಂಥವೇ. ಮೂರು ದಿನದ ಹಿಂದೆ ಮುಳಬಾಗಿಲಿನಿಂದ ತುಳಸಮ್ಮ ಬಂದರು. ನಿವೃತ್ತ ಗಣಿತದ ಮೇಡಂ.

ಊರ ನಡುವಿನ ಮುತ್ತುಗದ ಕೆರೆಯ ದಂಡೆಯನ್ನು ಹೊಸದಾಗಿ ಕಟ್ಟುತ್ತಾರಂತೆ. ಬೋಟಿಂಗ್, ಫುಡ್ ಕೋರ್ಟ್, ಗಾಜಿನ ಸೇತುವೆ, ಕಾರು ನಿಲ್ಲಿಸಲು ಮೈದಾನದಷ್ಟು ಜಾಗ. ಜನ ಏನು ಹೇಳುತ್ತಾರೆ ಎಂದು ಕೇಳುವುದು ಕಾನೂನು. ಅದಕ್ಕೆ ನೀಲಸಿರಿ ಕಂಪನಿಯವರು ತಮ್ಮ ಸೈಟ್ ಆಫೀಸಿನ ಮುಂದೆ ಒಂದು ಡಬ್ಬಿ ಇಟ್ಟರು. ಮೇಡಂ ಬಿಸಿಲಲ್ಲಿ ಮನೆಮನೆ ಸುತ್ತಿ ಆರುನೂರಕ್ಕೂ ಹೆಚ್ಚು ಪತ್ರ ಬರೆಸಿ ಹಾಕಿಸಿದರು.

“ಒಂದಿನ ಬೆಳಗಾಗೋದ್ರೊಳಗೆ ಡಬ್ಬಿ ಖಾಲಿ ಕಣಪ್ಪಾ,” ಎಂದಿದ್ದರು. “ಕೇಳಿದ್ರೆ, ಯಾವ ಪತ್ರ ಅಂತಾರೆ!”

ಕೆರೆ ಬೀದಿಯಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಅಸ್ಗರಿ ಆಪಾ ನನಗೆ ದಾರಿ ತೋರಿಸಿದ್ದು. “ಭಾಯ್, ಆ ರಾತ್ರಿ ಸೈಟಿಗೆ ಇಟ್ಟಿಗೆ ಇಳಿಸೋಕೆ ಬಂದ ಲಾರಿ ಖಾಲಿ ಹೋಗ್ಲಿಲ್ಲ. ಎರಡು ಮೂಟೆ ಹೊತ್ಕೊಂಡು ಹೋಯ್ತು. ಹತ್ತಿ ಮೂಟೆ ಅಲ್ಲ. ಹತ್ತಿ ನನಗೆ ಗೊತ್ತಿಲ್ವಾ!”

ಇಟ್ಟಿಗೆಯ ಮೇಲೆ ಗೂಡಿನ ಮುದ್ರೆ ಇರುತ್ತದೆ. ಆ ಮುದ್ರೆ ಹಿಡಿದು ಮಾಲೂರು ತಾಲ್ಲೂಕಿನ ಗೂಡುಗಳನ್ನೆಲ್ಲ ಎರಡು ದಿನ ಸುತ್ತಿದೆ. ಹೀಗೆ ಬಂದು ನಿಂತಿದ್ದೆ ಬೆಂಕಿಯ ಮೇಲೆ.

ಅರುಣ್‌ಕುಮಾರ್ ಜೇಬಿನಿಂದ ಒಂದು ಪತ್ರ ತೆಗೆದ. ಬೇರೆಯಾಗಿ ಇಟ್ಟುಕೊಂಡಿದ್ದ. ಅದರಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಕ್ಷೆ.

“ಉಳಿದಿದ್ದೆಲ್ಲ ಬರೀ ಗೋಳು ಸಾದಿಕ್ ಅವರೇ. ತಲೆನೋವು ಇದೊಂದೇ. ಯಾರೋ ಪೆದ್ದಪ್ಪ ಅಂತೆ... ಕೆರೆ ನೀರು ಬಿಡೋ ನೀರಗಂಟಿ. ಕೆರೆ ತುಂಬಿದ್ರೆ ಹೆಚ್ಚಿನ ನೀರು ಹೊರಗೆ ಹೋಗೋ ಕೋಡಿ ಎಲ್ಲಿದೆ ಅಂತ ಬರೆಸಿಬಿಟ್ಟಿದ್ದಾನೆ. ನಮ್ಮ ಪ್ಲಾನ್‌ನಲ್ಲಿ ಅಲ್ಲಿ ಪಾರ್ಕಿಂಗು.”

“ಅಂದ್ರೆ ಕೋಡಿ ಮುಚ್ತೀರಾ?”

“ನಮ್ಮ ಮ್ಯಾಪಿನಲ್ಲಿ ಕೋಡಿನೇ ಇಲ್ವಲ್ಲ!”

ಪತ್ರವನ್ನು ಕಂಡಿಯೊಳಗೆ ಬಿಟ್ಟ. ಭಗ್!

ಒಂದು ಪತ್ರ ಅಡಗಿಸಲು ಆರುನೂರು ಪತ್ರ ಸುಡುತ್ತಿದ್ದರು. ನನ್ನ ಮೈ ಉರಿದುಹೋಯಿತು.

ಗೂಡಿನ ನೆತ್ತಿಯ ತುಂಬ ಬಿಸಿ ಬೂದಿ ಇರುತ್ತದೆ. ಬೂಟಿನಲ್ಲಿ ಎತ್ತಿ ಒದ್ದೆ. ಆಳಿನ ಮುಖಕ್ಕೇ ಹೋಯಿತು. ಅವನು ಅರಚಿಕೊಂಡ.

“ಏಯ್, ಹಿಡೀರೋ ಅವನ್ನ!” ಕದಿರಪ್ಪ ಸಲಾಕೆ ಬೀಸಿದ.

ತಲೆಗೆ ಬರಬೇಕಾದದ್ದು ಎಡಗೈಗೆ ಬಿತ್ತು. ಚುರ್ ಎಂದಿತು. ನೋಯಲು ಪುರುಸೊತ್ತಿರಲಿಲ್ಲ. ಬಾಯಿ ಕಟ್ಟಿದ್ದ ಚೀಲವನ್ನು ತಬ್ಬಿಕೊಂಡು ಇಳಿಜಾರಿನಲ್ಲಿ ಜಾರಿದೆ. ಹಸಿ ಇಟ್ಟಿಗೆಯ ಸಾಲೊಂದು ನನ್ನ ಜೊತೆಗೇ ಕುಸಿಯಿತು. ಎದ್ದೆ. ಓಡಿದೆ. ಬೈಕಿನ ಟ್ಯಾಂಕಿನ ಮೇಲೆ ಚೀಲ ಹೇರಿ ಒದ್ದೆ ಕಿಕ್ಕು.

ಹಿಂದೆ ಅರುಣ್‌ಕುಮಾರನ ಸ್ಕಾರ್ಪಿಯೋ!

ಮಾಲೂರಿನಲ್ಲಿ ಸ್ಕೂಲ್ ಬಸ್ಸುಗಳ ಸಂದಿಯಲ್ಲಿ ನುಸುಳಿದೆ. ಊರು ದಾಟುತ್ತಿದ್ದಂತೆ ಮತ್ತೆ ಕನ್ನಡಿಯಲ್ಲಿ ಬಂದ. ಕೋಲಾರದ ರಸ್ತೆಯಲ್ಲಿ ಎರಡು ಸಲ ಹಿಂದಿನ ಚಕ್ರಕ್ಕೆ ತಾಗಿಸಿದ. ಮೂರನೆಯ ಸಲ ಬೈಕು ರಾಗಿ ಹೊಲಕ್ಕೆ ಇಳಿಯಿತು. ಬೀಳಲಿಲ್ಲ... ಹೇಗೆ ಎಂದು ನನಗೂ ಗೊತ್ತಿಲ್ಲ!

ಉಳಿಸಿದ್ದು ಟೊಮ್ಯಾಟೊ.

ಕೋಲಾರದ ಮಾರ್ಕೆಟ್ಟಿನ ಮುಂದೆ ಲಾರಿಗಳ ಸಾಲು ರಸ್ತೆಗೇ ಬಂದಿತ್ತು. ಎರಡು ಲಾರಿಗಳ ನಡುವೆ ಬೈಕಿಗೆ ಮಾತ್ರ ಜಾಗ. ನುಗ್ಗಿದೆ. ಸ್ಕಾರ್ಪಿಯೋನೂ ನುಗ್ಗಿತು. ಢಬ್! ಜೋಡಿಸಿಟ್ಟ ಬಾಕ್ಸುಗಳೆಲ್ಲ ಅದರ ಬಾನೆಟ್ ಮೇಲೆ.

“ಏನ್ಲಾ, ಕಣ್ಣು ಕಾಣಲ್ವಾ? ಇಳಿಯೋ ಕೆಳಗೆ!”

ಇಪ್ಪತ್ತು ಹಮಾಲಿಗಳು ಸುತ್ತುವರಿದರು. ಅವರ ಕೈಯಿಂದ ಬಿಡಿಸಿಕೊಂಡು ಬರುವುದು ಹುಡುಗಾಟವಲ್ಲ. ನಾನು ತಿರುಗಿ ನೋಡಲಿಲ್ಲ.

ಹನ್ನೊಂದು ಐವತ್ತಕ್ಕೆ ಮುಳಬಾಗಿಲಿನ ಕಲ್ಯಾಣ ಮಂಟಪದೊಳಗೆ ಕಾಲಿಟ್ಟೆ. ಪರದೆಯ ಮೇಲೆ ನೀಲಿ ನೀರು, ಬಿಳಿ ದೋಣಿ, ಐಸ್‌ಕ್ರೀಂ ತಿನ್ನುವ ಕುಟುಂಬ. ಆಮೇಲೆ ಒಂದು ಸಾಲು ಬಂತು.

‘ಬಂದ ಆಕ್ಷೇಪಣೆಗಳು: 0.’

ತುಳಸಮ್ಮ ಮೇಡಂ ಎದ್ದು ನಿಂತಿದ್ದರು. 

“ಮೂವತ್ತೊಂದು ವರ್ಷ ಮಕ್ಕಳಿಗೆ ಸೊನ್ನೆ ಹೇಳಿಕೊಟ್ಟಿದ್ದೀನಿ ಸಾರ್. ಸೊನ್ನೆ ಅಂದ್ರೆ ಏನೂ ಇಲ್ಲ ಅಂತ. ಇಲ್ಲಿ ನಾವು ಇದ್ದೀವಲ್ಲ!”

ನಾನು ಚೀಲ ತಂದು ಸಭೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿಯ ಮೇಜಿನ ಮೇಲೆ ಸುರಿದೆ. ಕಾಗದದ ಜೊತೆ ಇಟ್ಟಿಗೆ ಪುಡಿ, ಬೂದಿ, ನನ್ನ ರಕ್ತ.

“ತಗೊಳ್ಳಿ ಸಾರ್. ಮುನ್ನೂರು ಇರಬಹುದು. ಉಳಿದಿದ್ದು ಸುಟ್ಟುಹಾಕಿದ್ರು. ಕಣ್ಣಾರೆ ನೋಡ್ದೆ.”

ಅಧಿಕಾರಿ ಕೆಟ್ಟವರಲ್ಲ. ಅದೇ ಕಷ್ಟ! ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದರು.

“ಸ್ವೀಕೃತಿ ಮುದ್ರೆ ಎಲ್ರೀ?”

“ಡಬ್ಬಿಗೆ ಹಾಕಿದ ಪತ್ರಕ್ಕೆ ಯಾರು ಮುದ್ರೆ ಒತ್ತುತ್ತಾರೆ ಸಾರ್?”

“ಮುದ್ರೆ ಇಲ್ದೆ ಬಂದಿದೆ ಅಂತ ಹೇಗೆ ಬರೀಲಿ? ಕೊನೇ ದಿನಾಂಕಾನೂ ಮುಗಿದಿದೆ...”

“ಮುಗಿಯೋಕೆ ಮೊದಲೇ ಹಾಕಿದ್ರು. ಕದ್ದರು!”

“ಕದ್ದಿದ್ದು ಪೊಲೀಸ್ ಮ್ಯಾಟರ್ರು. ನನ್ನದು ಸಭೆ.”

ನನ್ನ ಕೈ ಬೊಬ್ಬೆ ಎದ್ದಿತ್ತು. ಆ ಕೈಯಲ್ಲೇ ಮೇಜು ಗುದ್ದಿದೆ. ಎರಡು ಪಟ್ಟು ನೋವಾಯಿತು, ಅಷ್ಟೇ ಬಂದ ಲಾಭ. ಗೂಡಿನ ಬೆಂಕಿಗೆ ಹೆದರದವನಿಗೆ ಆ ಮೇಜಿನ ಮುಂದೆ ಅಳು ಬರುವಂತಾಯಿತು.

ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ. ಕೃಶ ಶರೀರ, ಹೆಗಲ ಮೇಲೆ ಟವೆಲು.

“ಪೆದ್ದಪ್ಪ ಅಂತಾರೆ ಸಾಮಿ. ನೀರಗಂಟಿ. ನಂದೂ ಒಂದು ಕಾಗದ ಇತ್ತು.”

ನಾನು ಬಾಯಿ ಬಿಟ್ಟೆ. ಹೇಳಲೇಬೇಕಿತ್ತು. “ಪೆದ್ದಪ್ಪ, ನಿಮ್ಮದು... ಸುಟ್ಟುಹೋಯ್ತು. ನನ್ನ ಕೈಲಿ ಉಳಿಸೋಕಾಗ್ಲಿಲ್ಲ.”

ಅವನು ನನ್ನನ್ನು ನೋಡಿದ. ಸುಟ್ಟ ಕೈಯನ್ನೂ ನೋಡಿದ.

“ಕಾಗದ ಸುಟ್ಟೋದ್ರೆ ಏಮಯ್ಯಾ? ಕೋಡಿ ಸುಟ್ಟೋಯ್ತಾ? ಬನ್ನಿ ಸಾಬ್ರೇ, ತೋರಿಸ್ತೀನಿ.”

ಹೊರಟೇಬಿಟ್ಟ! ಹಿಂದೆ ಅಸ್ಗರಿ ಆಪಾ, ಮೇಡಂ, ಮಂಟಪದಲ್ಲಿದ್ದವರೆಲ್ಲ. ಅಧಿಕಾರಿ ಖಾಲಿ ಕುರ್ಚಿಗಳನ್ನು ನೋಡಿದರು. ಜನರಿಲ್ಲದೆ ಜನರ ಸಭೆ ನಡೆಸುವುದು ಹೇಗೆ? ಛತ್ರಿ ಬಿಡಿಸಿಕೊಂಡು ಅವರೂ ಬಂದರು.

ನಡು ಮಧ್ಯಾಹ್ನ. ಕೆರೆಯ ಮೂಲೆಯಲ್ಲಿ ಪಾರ್ಕಿಂಗಿಗೆಂದು ಆಗಲೇ ಆಳೆತ್ತರ ಮಣ್ಣು ಸುರಿದಿದ್ದರು. ಪೆದ್ದಪ್ಪ ಆ ರಾಶಿಯ ಮೇಲೆ ಹೆಜ್ಜೆ ಎಣಿಸಿಕೊಂಡು ನಡೆದ. ಒಂದು ಕಡೆ ನಿಂತ.

“ಇಲ್ಲಿ ಅಗೀರಿ.”

ಹಾರೆ, ಗುದ್ದಲಿ ಎಲ್ಲಿಂದಲೋ ಬಂದವು. ಒಂದು ಗಂಟೆ ಅಗೆದರು. ಏನೂ ಇಲ್ಲ. ಮತ್ತೂ ಅರ್ಧ ಗಂಟೆ. ಅಧಿಕಾರಿ ವಾಚು ನೋಡಿಕೊಂಡರು. ಅಷ್ಟರಲ್ಲಿ...

ಠಣ್!

ಕಲ್ಲು. ಅದರ ಪಕ್ಕ ಇನ್ನೊಂದು. ಸಾಲಾಗಿ ಹಾಸಿದ ಚಪ್ಪಡಿಗಳು, ನೀರು ಹರಿದು ಹರಿದು ನುಣುಪಾದವು. ಕೋಡಿ!

ಅಸ್ಗರಿ ಆಪಾ ಅಧಿಕಾರಿಯ ಮುಂದೆ ನಿಂತರು. “ಹೋದ ಸಲ ಕೆರೆ ತುಂಬಿದಾಗ ನೀರೆಲ್ಲ ಇಲ್ಲಿಂದಾನೇ ಹೋಯ್ತು ಸಾಬ್. ಇದು ಮುಚ್ಚಿದ್ರೆ ಎಲ್ಲಿಂದ ಹೋಗ್ಬೇಕು? ನಮ್ಮ ಮನೆ ಒಳಗಿಂದಾನಾ? ಮಕ್ಕಳು ಮಲಗಿರ್ತಾರೆ!”

ಅಧಿಕಾರಿ ಛತ್ರಿಯನ್ನು ಆಕೆಯ ಕೈಗೆ ಕೊಟ್ಟು, ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಹಜರು ಬರೆದರು. ಪೆದ್ದಪ್ಪ ಹೆಬ್ಬೆಟ್ಟು ಒತ್ತಿದ.

ಪಾರ್ಕಿಂಗ್ ಕೆಲಸ ನಿಂತಿದೆ. ಸದ್ಯಕ್ಕೆ. ಈ ‘ಸದ್ಯಕ್ಕೆ’ ಅನ್ನುವ ಪದ ಕೇಳಿದರೆ ನನಗೆ ಇಂದಿಗೂ ಹಲ್ಲು ಕಡಿಯುವಂತಾಗುತ್ತದೆ! ಉಳಿದ ಯೋಜನೆಗೆ? ಬೋಟಿಂಗಿಗೆ, ಫುಡ್ ಕೋರ್ಟಿಗೆ, ಕೆರೆ ಬೀದಿಯ ಅಂಗಡಿಗಳನ್ನು ಎತ್ತಂಗಡಿ ಮಾಡುವುದಕ್ಕೆ? ಆಕ್ಷೇಪಣೆ ಇವತ್ತಿಗೂ ಸೊನ್ನೆಯೇ. ನಾನು ತಂದ ಚೀಲ ‘ಮೂಲ ಗೊತ್ತಿಲ್ಲದ ಕಾಗದ’ ಎಂಬ ಚೀಟಿ ಅಂಟಿಸಿಕೊಂಡು ಬೀರುವಿನಲ್ಲಿ ಕೂತಿದೆ.

ಕೇಸೂ ಆಯಿತು. ಪತ್ರ ಸುಟ್ಟವರ ಮೇಲಲ್ಲ... ಅದಕ್ಕೆ ಸಾಕ್ಷಿ ಬರೀ ಬೂದಿ. ಆದದ್ದು ನನ್ನ ಮೇಲೆ! ಕದಿರಪ್ಪ ದೂರು ಕೊಟ್ಟಿದ್ದಾನೆ. ಗೂಡಿಗೆ ಅತಿಕ್ರಮ ಪ್ರವೇಶ, ಒಂದು ಗೋಣಿ ಕಾಗದ ಕಳವು.

ಎಫ್‌ಐಆರ್ ಪ್ರತಿಯನ್ನು ತುಳಸಮ್ಮ ಮೇಡಂ ಮೂರು ಸಲ ಓದಿದರು. ಆಮೇಲೆ ಕನ್ನಡಕ ತೆಗೆದರು.

“ಸಾದಿಕ್, ಪತ್ರಗಳು ತನ್ನ ಗೂಡಲ್ಲಿ ಇದ್ದವು ಅಂತ ಅವನೇ ಬರೆದುಕೊಟ್ಟಿದ್ದಾನಲ್ಲಪ್ಪಾ! ನೀನು ಕದ್ದಿದ್ದು ಈ ಪತ್ರಗಳನ್ನೇ ಅಂತ ಕೋರ್ಟು ಒಪ್ಪಿದ್ರೆ, ಅವು ಡಬ್ಬಿಯಿಂದ ಅಲ್ಲಿಗೆ ಹೇಗೆ ಬಂದ್ವು ಅಂತ ಅವರೇ ಹೇಳ್ಬೇಕಾಗುತ್ತೆ.”

“ಕೋರ್ಟು ಒಪ್ಪಿದ್ರೆ ನಾನು ಜೈಲಿಗೆ ಹೋಗ್ತೀನಿ ಮೇಡಂ.”

“ಹೌದಲ್ವಾ...” ಎಂದು ಕಾಫಿ ತರಲು ಒಳಗೆ ಹೋದರು.

ನನ್ನ ವಕೀಲ ಭಾರ್ಗವ್ ಬಿಡಿಸುತ್ತೇನೆ ಎನ್ನುತ್ತಾನೆ. ಬೇಡ ಎಂದಿದ್ದೇನೆ. ನನ್ನ ಮೇಲಿನ ಆರೋಪ ಸಾಬೀತಾಗಲಿ ಎಂದು ಪ್ರತಿ ವಾಯಿದೆಗೂ ಗಡ್ಡ ಹೆರೆದುಕೊಂಡು ಹೋಗಿ ನಿಲ್ಲುವ ಕಳ್ಳ ಈ ಜಿಲ್ಲೆಯಲ್ಲಿ ನಾನೊಬ್ಬನೇ!